ಬಾಯಿ ನನ್ನದು, ಮಾತು ಮಾಲೆಯದು

ಮೊದಲ ಎಂಯುಎನ್‌ನಲ್ಲಿ ಎರಡು ದಿನ ಕೂತು ನಾನು ಮಾತಾಡಿದ್ದು ಒಟ್ಟು ಒಂದೂವರೆ ನಿಮಿಷ. ಅದರಲ್ಲಿ ಒಂದು ಸಲ ಎದ್ದದ್ದು ಬಾತ್‌ರೂಮಿಗೆ ಹೋಗಬಹುದಾ ಅಂತ ಕೇಳಲಿಕ್ಕೆ. ಅದಕ್ಕೂ ಅಲ್ಲಿ ಒಂದು ದೊಡ್ಡ ಹೆಸರು ಉಂಟು, ‘ಪಾಯಿಂಟ್ ಆಫ್ ಪರ್ಸನಲ್ ಪ್ರಿವಿಲೇಜ್’. ಫ್ಯಾನ್ ಜೋರು ಮಾಡಿ ಅನ್ನಲಿಕ್ಕೂ ಅದೇ, ಮೈಕ್ ಕೇಳಿಸುವುದಿಲ್ಲ ಅನ್ನಲಿಕ್ಕೂ ಅದೇ.

ಎಂಯುಎನ್ ಅಂದರೆ ಮಾಡೆಲ್ ಯುನೈಟೆಡ್ ನೇಷನ್ಸ್. ವಿಶ್ವಸಂಸ್ಥೆಯ ಸಭೆಯ ಹಾಗೆ ವಿದ್ಯಾರ್ಥಿಗಳೇ ಕೂತು ನಡೆಸುವ ಸಭೆ. ಒಬ್ಬೊಬ್ಬರಿಗೆ ಒಂದೊಂದು ದೇಶ ಕೊಡುತ್ತಾರೆ, ನೀವು ಆ ದೇಶದ ಡೆಲಿಗೇಟ್. ಎರಡು ಮೂರು ದಿನ ಚರ್ಚೆ, ಕೊನೆಗೆ ಒಂದು ಠರಾವು, ಅದಕ್ಕೆ ಮತ. ಮನೆಯಲ್ಲಿ ಅಜ್ಜನಿಗೆ ಇದನ್ನು ಅರ್ಥ ಮಾಡಿಸಲು ಒದ್ದಾಡುತ್ತಿದ್ದೆ. ಕೊನೆಗೆ ಹೊಳೆಯಿತು. “ಅಜ್ಜ, ಇದು ತಾಳಮದ್ದಳೆ. ಭಾಗವತರಿಲ್ಲ, ಚೆಂಡೆ ಇಲ್ಲ, ಅಷ್ಟೇ.” ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಅಲ್ಲಿ ಕರ್ಣನ ಅರ್ಥ ಹೇಳುವವರು, ಅಂದರೆ ಕರ್ಣನಾಗಿ ಮಾತಾಡುವವರು, ಮನೆಯಲ್ಲಿ ಕೃಷ್ಣನಿಗೆ ದಿನಾ ಕೈ ಮುಗಿಯುವವರೇ ಇರಬಹುದು. ಆ ರಾತ್ರಿ ಮಾತ್ರ ಅವರು ಕರ್ಣನ ಪರವೇ ವಾದಿಸಬೇಕು. ಅಜ್ಜ ತಲೆಯಾಡಿಸಿ, “ಹಾಗಾದರೆ ಪ್ರಸಂಗ ಮೊದಲೇ ಓದಿಕೊಂಡು ಹೋಗು” ಅಂದರು. ನಾನು ಓದಿಕೊಂಡು ಹೋಗಲಿಲ್ಲ.

ನನಗೆ ಸಿಕ್ಕಿದ್ದು ಪರಾಗ್ವೆ. ಸಮಿತಿ ಡೈಸೆಕ್, ಅಂದರೆ ಮಹಾಸಭೆಯ ಮೊದಲ ಸಮಿತಿ. ವಿಷಯ ಸೈಬರ್ ಭದ್ರತೆ. ಪರಾಗ್ವೆಯ ರಾಜಧಾನಿ ಅಸುನ್ಸಿಯೋನ್, ಅದಕ್ಕೆ ಸಮುದ್ರ ತೀರ ಇಲ್ಲ, ಬ್ರೆಜಿಲ್ ಮತ್ತು ಅರ್ಜೆಂಟೀನಾ ಅದರ ನೆರೆಯವರು. ಇಷ್ಟನ್ನು ಬಾಯಿಪಾಠ ಮಾಡಿದ್ದೆ. ಸೈಬರ್ ಭದ್ರತೆಯ ಬಗ್ಗೆ ಪರಾಗ್ವೆ ಎಂತ ಹೇಳುತ್ತದೆ ಅಂತ ಮಾತ್ರ ನೋಡಿರಲಿಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ ನಾನು. ನನ್ನ ಚಿಂತೆಯೆಲ್ಲ ಇಂಗ್ಲಿಷ್ ಬಗ್ಗೆ ಮತ್ತು ಚಿಕ್ಕಮ್ಮನ ಮಗಳಿಂದ ತಂದ ಬ್ಲೇಜರ್ ಬಗ್ಗೆ ಇತ್ತು. ಮಂಗಳೂರಿನ ಸೆಕೆಗೆ ಬ್ಲೇಜರ್ ಹಾಕಿ ಅಂತ ಯಾರು ಹೇಳಿದ್ದೋ.

ಹಾಜರಿ ಕರೆಯುವಾಗ ಎರಡು ಉತ್ತರ ಕೊಡಬಹುದು: ‘ಪ್ರೆಸೆಂಟ್’ ಅಥವಾ ‘ಪ್ರೆಸೆಂಟ್ ಅಂಡ್ ವೋಟಿಂಗ್’. ನನಗಿಂತ ಮೊದಲು ಎದ್ದ ಹುಡುಗ ಎರಡನೆಯದನ್ನು ಗತ್ತಿನಲ್ಲಿ ಹೇಳಿದ. ಕೇಳಲು ಚಂದ ಇತ್ತು, ನಾನೂ ಅದನ್ನೇ ಹೇಳಿದೆ. ಹಾಗೆ ಹೇಳಿದವರು ಕೊನೆಯ ಮತದಾನದಲ್ಲಿ ತಟಸ್ಥರಾಗಿ ಉಳಿಯುವ ಹಾಗಿಲ್ಲ, ಹೌದು ಅಥವಾ ಇಲ್ಲ ಅನ್ನಲೇ ಬೇಕು ಅಂತ ಗೊತ್ತಾದದ್ದು ಎರಡನೇ ದಿನ ಸಂಜೆ. ಎದುರಿಗಿದ್ದ ಠರಾವಿನ ತಲೆಬುಡ ನನಗೆ ಅರ್ಥ ಆಗಿರಲಿಲ್ಲ. ನಾನು ‘ಅಬ್ಸ್ಟೇನ್’ ಅಂದೆ. ಚೇರ್, ಅಂದರೆ ಸಭೆ ನಡೆಸುವವರು, ನಕ್ಕು ನಿಯಮ ನೆನಪಿಸಿದರು. ಪಕ್ಕದವಳ ಮುಖ ನೋಡಿ ‘ಯೆಸ್’ ಅಂದೆ. ಅದಕ್ಕೂ ಮೊದಲು ನನ್ನ ಒಂದೇ ಒಂದು ಭಾಷಣವನ್ನು ‘ಐ ಥಿಂಕ್’ ಅಂತ ಶುರು ಮಾಡಿ ಬೈಸಿಕೊಂಡಿದ್ದೆ. ಅಲ್ಲಿ ‘ನಾನು’ ಇಲ್ಲ. ‘ಪರಾಗ್ವೆಯ ಪ್ರತಿನಿಧಿ ಹೀಗೆ ನಂಬುತ್ತಾರೆ’ ಅನ್ನಬೇಕು.

ಮರುದಿನ ಕಾಲೇಜಿನಲ್ಲಿ ಪೊಲಿಟಿಕಲ್ ಸೈನ್ಸ್ ಮೇಡಂ ಹತ್ತಿರ ಎಲ್ಲ ಹೇಳಿ ಅತ್ತೆ. ನನ್ನ ಅಭಿಪ್ರಾಯವನ್ನೇ ಹೇಳಬಾರದು ಅಂದರೆ ಅದು ಎಂಥ ಚರ್ಚೆ ಅಂತ ಕೇಳಿದೆ. ಅವರು ಬೆನಗಲ್ ನರಸಿಂಗ ರಾವ್ ಅವರ ಕಥೆ ಹೇಳಿದರು. 1887ರಲ್ಲಿ ಮಂಗಳೂರಿನಲ್ಲೇ ಹುಟ್ಟಿದವರು, ಕೆನರಾ ಹೈಸ್ಕೂಲಿನಲ್ಲಿ ಓದಿದವರು, ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು. ಅಷ್ಟು ನನಗೂ ಗೊತ್ತಿತ್ತು. ಆಮೇಲೆ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು ಅನ್ನುವುದು ಗೊತ್ತಿರಲಿಲ್ಲ. 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನ ಭಾರತದ ಸರದಿ. ಕುರ್ಚಿಯಲ್ಲಿ ಕೂತವರು ರಾವ್. ಅದೇ ತಿಂಗಳು ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ಜೂನ್ 27ರಂದು ದಕ್ಷಿಣ ಕೊರಿಯಾಕ್ಕೆ ನೆರವು ಕೊಡಬೇಕೆಂಬ ಠರಾವು ಮತಕ್ಕೆ ಬಂತು. ದೆಹಲಿಯಿಂದ ಸೂಚನೆ ಬಂದು ಮುಟ್ಟಿರಲಿಲ್ಲ. ಭಾರತ ಆ ಮತದಾನದಲ್ಲಿ ಭಾಗವಹಿಸಲೇ ಇಲ್ಲ.

“ಅಷ್ಟು ದೊಡ್ಡ ನ್ಯಾಯಶಾಸ್ತ್ರಜ್ಞ. ಅವರಿಗೆ ಅಭಿಪ್ರಾಯ ಇರಲಿಲ್ಲವಾ?” ಅಂತ ಮೇಡಂ ಕೇಳಿದರು. “ಇದ್ದೇ ಇರುತ್ತದೆ. ಆದರೆ ಆ ಕುರ್ಚಿಯಲ್ಲಿ ಕೂತಾಗ ಬಾಯಿ ಮಾತ್ರ ನಮ್ಮದು.”

ಎರಡನೇ ಎಂಯುಎನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ಸಲ ಪ್ರಸಂಗ ಓದಿಕೊಂಡೇ ಹೋದೆ, ಅತಿಯಾಗಿ ಓದಿಕೊಂಡು ಹೋದೆ. ಫೈಲ್ ಎಷ್ಟು ದಪ್ಪ ಅಂದರೆ ಬಸ್ಸಿನ ಕಂಡಕ್ಟರ್ “ಎಂತ, ಕೋರ್ಟಿಗಾ?” ಅಂತ ಕೇಳಿದ. ಒಂಬತ್ತು ಸಲ ಮಾತಾಡಿದೆ. ಪ್ರತಿ ಸಲ ದೇಶದ ಹೆಸರಿನ ಪ್ಲಕಾರ್ಡ್ ಎತ್ತಿ ಎತ್ತಿ ಭುಜ ನೋಯುತ್ತಿತ್ತು. ಆದರೂ ಏನೂ ಸಿಗಲಿಲ್ಲ. ಯಾಕೆ ಅಂತ ಗೊತ್ತಾಗಲು ಒಂದು ವಾರ ಬೇಕಾಯಿತು. ನಾನು ಮೈಕಿಗೆ ಜಗಳಾಡುತ್ತಿದ್ದಾಗ ಠರಾವು ಬರೆಯುತ್ತಿದ್ದವರು ಹಿಂದೆ, ಸಮೋಸದ ಟೇಬಲ್ ಹತ್ತಿರ ನಿಂತಿದ್ದರು. ಕೊನೆಗೆ ಬಂದ ಕರಡಿನಲ್ಲಿ ನನ್ನ ದೇಶದ ಹೆಸರೂ ಇರಲಿಲ್ಲ, ನನ್ನ ಒಂದು ಸಾಲೂ ಇರಲಿಲ್ಲ.

ಮೂರನೆಯದು ಎರಡನೇ ವರ್ಷದ ಜುಲೈಯಲ್ಲಿ. ಹೊರಗೆ ಆಟಿಯ ಮಳೆ. ಸಮಿತಿ ಎಫ್‌ಎಒದ, ಅಂದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ, ಮೀನುಗಾರಿಕೆ ಸಮಿತಿ, ನಿಜವಾದದ್ದು ರೋಮ್‌ನಲ್ಲಿ ಸೇರುತ್ತದೆ. ವಿಷಯ ಅಕ್ರಮ ಮೀನುಗಾರಿಕೆ. ನಾನು ನಾರ್ವೆ ಕೇಳಿದ್ದೆ. ಕೊಟ್ಟದ್ದು ಮಾಲ್ದೀವ್ಸ್, ರಾಜಧಾನಿ ಮಾಲೆ. ಪಟ್ಟಿ ನೋಡಿ ಗೆಳತಿ “ಹನಿಮೂನ್ ದೇಶ ಸಿಕ್ಕಿತಲ್ಲ” ಅಂತ ನಕ್ಕಳು. ನನಗೂ ಬೇಸರವೇ ಆಗಿತ್ತು. ಫೀಸ್ ಎರಡು ಸಾವಿರದ ಹತ್ತಿರ ಕಟ್ಟಿ ಆಗಿದೆ, ವಾಪಸ್ ಇಲ್ಲ.

ಒಂದು ರಾತ್ರಿ ಓದಿದ ಮೇಲೆ ಬೇಸರ ಹೋಯಿತು. ಮಾಲ್ದೀವ್ಸ್‌ನವರು ಟ್ಯೂನಾವನ್ನು ಬಲೆ ಹಾಕಿ ಹಿಡಿಯುವುದಿಲ್ಲ. ಗಾಳದಲ್ಲಿ, ಒಂದೊಂದಾಗಿ ಹಿಡಿಯುತ್ತಾರೆ. ಜೀವಂತ ಸಣ್ಣ ಮೀನನ್ನು ನೀರಿಗೆ ಎಸೆದು, ನೀರನ್ನು ಮಳೆಯ ಹಾಗೆ ಚಿಮ್ಮಿಸಿ, ಟ್ಯೂನಾ ಮೇಲೆ ಬಂದಾಗ ಸಾಲಾಗಿ ನಿಂತು ಕೋಲಿನಿಂದ ಎತ್ತಿ ಹಿಂದಕ್ಕೆ ಹಾಕುತ್ತಾರೆ. ಬೇಡದ ಮೀನು ಬರುವುದು ಬಹಳ ಕಡಿಮೆ. ಅದೇ ಹಿಂದೂ ಮಹಾಸಾಗರದಲ್ಲಿ ಸ್ಪೇನ್, ಫ್ರಾನ್ಸ್ ದೇಶಗಳ ದೈತ್ಯ ಪರ್ಸಿನ್ ಹಡಗುಗಳು ಇಡೀ ಗುಂಪನ್ನೇ ಸುತ್ತುವರಿದು ಬಲೆಯ ತಳವನ್ನು ಸಂಚಿಯ ಬಾಯಿ ಕಟ್ಟಿದ ಹಾಗೆ ಎಳೆದು ಬಾಚುತ್ತವೆ. ಅಂದರೆ ಮಾಲ್ದೀವ್ಸ್‌ನ ಪ್ರತಿನಿಧಿ ದೊಡ್ಡ ಬಲೆಗೆ ವಿರೋಧವಾಗಿ ಮಾತಾಡಬೇಕು.

ಇಲ್ಲೊಂದು ತಮಾಷೆ ಉಂಟು. ನನ್ನ ಮಾವ, ಅಮ್ಮನ ತಮ್ಮ, ಪರ್ಸಿನ್ ಬೋಟಿನಲ್ಲಿ ಕೆಲಸ ಮಾಡುವವರು. ಬಂಗುಡೆ, ಬೂತಾಯಿಯ ಬೋಟು. ನನ್ನ ಮೊದಲ ಎರಡು ಎಂಯುಎನ್ ಫೀಸ್ ಕಟ್ಟಿದ್ದೂ ಅವರೇ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಹಾಗಾಗಿ ಮಾವ ಮನೆಯಲ್ಲೇ ಇದ್ದರು. ಜಗಲಿಯಲ್ಲಿ ಕೂತು ಬಲೆಯ ತುಂಡು ಹೊಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿದೆ.

“ಮಾವ, ಕಳ್ಳತನದಲ್ಲಿ ಮೀನು ಹಿಡಿಯುವ ಹಡಗನ್ನು ತಡೆಯುವುದು ಹೇಗೆ?”

“ಸಮುದ್ರದಲ್ಲಿ ಯಾರನ್ನು ತಡೀತಿ ಮಾರಾಯ್ತಿ? ಅಲ್ಲಿ ಗೇಟ್ ಉಂಟಾ?” ಅಂದರು. ಸ್ವಲ್ಪ ಹೊತ್ತು ಹೊಲಿದು, “ಎಲ್ಲಿ ಹಿಡಿದರೂ ಮೀನನ್ನು ಕೊನೆಗೆ ಯಾವುದಾದರೂ ದಕ್ಕೆಗೆ ತರಲೇ ಬೇಕಲ್ಲ. ಐಸ್ ಬೇಕು, ಡೀಸೆಲ್ ಬೇಕು. ಅಲ್ಲಿ ನಿಂತು ನೋಡಬೇಕು. ಆದರೆ ನೋಡುವ ಜನ ಎಲ್ಲಿದ್ದಾರೆ?” ಅಂದರು.

ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ರಾತ್ರಿ ಹುಡುಕಿದರೆ, ಮಾವ ಹೇಳಿದ್ದೇ ಒಂದು ಅಂತರರಾಷ್ಟ್ರೀಯ ಒಪ್ಪಂದವಾಗಿ ಕೂತಿತ್ತು. ಪೋರ್ಟ್ ಸ್ಟೇಟ್ ಮೆಷರ್ಸ್ ಅಗ್ರಿಮೆಂಟ್. ಎಫ್‌ಎಒ 2009ರಲ್ಲಿ ಒಪ್ಪಿದ್ದು, 2016ರ ಜೂನ್ 5ರಿಂದ ಜಾರಿಯಲ್ಲಿದೆ. ಸಂಶಯ ಇರುವ ಪರದೇಶದ ಹಡಗನ್ನು ಬಂದರಿನಲ್ಲಿ ತಪಾಸಣೆ ಮಾಡಬಹುದು. ಕಳ್ಳ ಮೀನು ಅಂತ ಗೊತ್ತಾದರೆ ಇಳಿಸಲು ಬಿಡುವ ಹಾಗಿಲ್ಲ, ಇಂಧನ ಕೊಡುವ ಹಾಗಿಲ್ಲ. ದೇಶದ ಆರ್ಥಿಕ ವಲಯ ತೀರದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್ ದೂರದವರೆಗೆ ಹಬ್ಬಿರುತ್ತದೆ. ಸಣ್ಣ ದೇಶ ಅಷ್ಟು ದೊಡ್ಡ ನೀರನ್ನು ಕಾಯುವುದು ಆಗದ ಮಾತು. ಬಂದರು ಕಾಯಬಹುದು. ‘ನೋಡುವ ಜನ ಎಲ್ಲಿದ್ದಾರೆ’ ಅನ್ನುವ ಪ್ರಶ್ನೆ ಉಳಿಯಿತು. ನನ್ನ ಕ್ಲಾಸ್ ಅದೇ ಅಂತ ಆಗ ತೀರ್ಮಾನಿಸಿದೆ: ಸಣ್ಣ ದೇಶಗಳಲ್ಲಿ ಬಂದರು ತಪಾಸಕರಿಗೆ ತರಬೇತಿ, ಅದರ ಖರ್ಚಿನಲ್ಲಿ ದೊಡ್ಡ ಮೀನುಗಾರಿಕೆ ದೇಶಗಳಿಗೂ ಪಾಲು. (ಠರಾವಿನ ಒಂದೊಂದು ಕಲಮಿಗೆ ಎಂಯುಎನ್‌ನಲ್ಲಿ ಕ್ಲಾಸ್ ಅಂತಾರೆ. ತರಗತಿ ಅಲ್ಲ.)

ತಯಾರಿಯ ಬಗ್ಗೆ ಕೇಳುವ ಜೂನಿಯರ್‌ಗಳಿಗೆ ನಾನು ಮೊದಲು ಹೇಳುವುದು ವಿಕಿಪೀಡಿಯಾ ಬಿಡಿ ಅಂತ. ಅದನ್ನು ತೋರಿಸಿದರೆ ಇಬಿ, ಅಂದರೆ ಎಕ್ಸಿಕ್ಯೂಟಿವ್ ಬೋರ್ಡ್, ಒಪ್ಪುವುದಿಲ್ಲ. ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಯಲ್ಲಿ ಯಾವ ದೇಶ ಯಾವ ಠರಾವಿಗೆ ಹೇಗೆ ಮತ ಹಾಕಿತು ಅಂತ ಸಿಗುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಮಹಾಸಭೆಯಲ್ಲಿ ದೇಶಗಳ ನಾಯಕರು ಮಾಡುವ ಭಾಷಣ ಸಿಗುತ್ತದೆ. ನಿಮ್ಮ ದೇಶ ಅಲ್ಲಿ ಯಾವ ಪದ ಬಳಸುತ್ತದೋ ಅದೇ ಪದ ಕದಿಯಿರಿ, ಇದು ಕಳ್ಳತನ ಅಲ್ಲ, ಪಾತ್ರ. ಜೊತೆಗೆ ಎದುರಾಳಿಯ ದೇಶವನ್ನೂ ಅರ್ಧ ಓದಬೇಕು.

ಭಾಷಣದ ಅಭ್ಯಾಸ ನಾನು ಅಮ್ಮನ ಎದುರು ಮಾಡಿದೆ, ಅದೂ ತುಳುವಿನಲ್ಲಿ. ಅವರು ಹಿತ್ತಲಲ್ಲಿ ಒಣಮೀನು ತೊಳೆಯುತ್ತಿದ್ದರು. ಒಂದು ನಿಮಿಷದ ಒಳಗೆ ಅಮ್ಮನಿಗೆ ಅರ್ಥ ಆದರೆ ಆ ವಾದ ಗಟ್ಟಿ. ಅವರು “ಹಾಗಂದರೆ ಎಂತ?” ಅಂದ ಕಡೆ ಸಾಲು ಹೊಡೆದು ಹಾಕಿದೆ. ಆಮೇಲೆ ಇಂಗ್ಲಿಷಿಗೆ ತಂದೆ. ಅರವತ್ತು ಸೆಕೆಂಡಿಗೆ 130 ಪದ ಸಾಕು, ಅದಕ್ಕಿಂತ ಜಾಸ್ತಿ ಆದರೆ ಓಡಬೇಕಾಗುತ್ತದೆ. ಓಡಿದರೆ ನನ್ನ ಇಂಗ್ಲಿಷ್ ಎಡವುತ್ತದೆ.

ಮೊದಲ ದಿನ ಹಾಜರಿಯಲ್ಲಿ ಬರೇ ‘ಪ್ರೆಸೆಂಟ್’ ಅಂದೆ. ಈ ಸಲ ಬೇಕಂತಲೇ.

ನನ್ನ ಭಾಷಣ ಹೀಗೆ ಶುರುವಾಯಿತು: ಈ ಕೋಣೆಯಲ್ಲಿ ಎಷ್ಟೋ ದೇಶಗಳು ಮೀನನ್ನು ಟನ್ ಲೆಕ್ಕದಲ್ಲಿ ಎಣಿಸುತ್ತವೆ, ಮಾಲ್ದೀವ್ಸ್ ಒಂದು, ಎರಡು, ಮೂರು ಅಂತ ಎಣಿಸುತ್ತದೆ. ಕೋಣೆ ಒಂದು ಕ್ಷಣ ಸುಮ್ಮನಾಯಿತು. ಆ ಕ್ಷಣದ ರುಚಿ ಹತ್ತಿದವರು ಎಂಯುಎನ್ ಬಿಡುವುದಿಲ್ಲ.

ಸ್ಪೇನ್ ಕೂಡಲೇ ಪ್ಲಕಾರ್ಡ್ ಎತ್ತಿತು. ಬೆಂಗಳೂರಿನಿಂದ ಬಂದ ಹುಡುಗ, ನಾಲ್ಕು ವರ್ಷದ ಅನುಭವ, ಇಂಗ್ಲಿಷ್ ನೀರು ಹರಿದ ಹಾಗೆ. ಅವನ ಪ್ರಶ್ನೆ ಚುಚ್ಚುವಂಥದ್ದೇ. ಮೀನು ಸೇರಿಸಲು ಸಮುದ್ರದಲ್ಲಿ ತೇಲುವ ವಸ್ತು ಬಿಡುವುದನ್ನು ಮಾಲ್ದೀವ್ಸ್ ಟೀಕಿಸುತ್ತದೆ. ಅಂಥದ್ದನ್ನು ಮಾಲ್ದೀವ್ಸ್ ತಾನೇ ಬಳಸುವುದಿಲ್ಲವಾ? ಇವುಗಳಿಗೆ ಫ್ಯಾಡ್ ಅಂತ ಹೆಸರು. ತೇಲುವ ವಸ್ತುವಿನ ಸುತ್ತ ಮೀನು ಗುಂಪು ಸೇರುತ್ತದೆ. ಅವನು ಹೇಳಿದ್ದು ಸುಳ್ಳಲ್ಲ. ಒಂದು ವರ್ಷದ ಹಿಂದಿನ ನಾನಾಗಿದ್ದರೆ ಅಲ್ಲೇ ಕೂತುಬಿಡುತ್ತಿದ್ದೆ. ಆದರೆ ಸ್ಪೇನನ್ನು ಅರ್ಧ ಓದಿದ್ದೆನಲ್ಲ. ಹೌದು, ಬಳಸುತ್ತೇವೆ ಅಂತ ಮೊದಲು ಒಪ್ಪಿಕೊಂಡೆ. ನಮ್ಮದನ್ನು ಸರ್ಕಾರವೇ ಲಂಗರು ಹಾಕಿ ಒಂದೇ ಜಾಗದಲ್ಲಿ ನಿಲ್ಲಿಸುತ್ತದೆ, ಅದರ ಹತ್ತಿರ ಹಿಡಿಯುವುದೂ ಗಾಳದಲ್ಲೇ. ನಿಮ್ಮದು ಅಲೆಯ ಜೊತೆ ತೇಲಿ ಹೋಗಿ ಯಾರದೋ ಹವಳದ ದಿಬ್ಬಕ್ಕೆ ಸಿಕ್ಕಿ ಕೂರುತ್ತದೆ. ಇಷ್ಟು ಹೇಳಿ ಕೂತೆ. ಒಪ್ಪಿಕೊಂಡು ಉತ್ತರ ಕೊಡುವುದನ್ನು ನಾನು ಅಜ್ಜನ ತಾಳಮದ್ದಳೆಯ ಕ್ಯಾಸೆಟ್ಟುಗಳಲ್ಲಿ ಕೇಳಿ ಕಲಿತದ್ದು. ಒಳ್ಳೆಯ ಅರ್ಥಧಾರಿ ಎದುರಾಳಿಯ ಮಾತನ್ನು ಕಸಿದು ತನ್ನ ಬುಟ್ಟಿಗೆ ಹಾಕಿಕೊಳ್ಳುತ್ತಾನೆ.

ಆಮೇಲೆ ಅನ್‌ಮಾಡ್, ಅಂದರೆ ಎಲ್ಲರೂ ಕುರ್ಚಿ ಬಿಟ್ಟು ಗುಂಪು ಕಟ್ಟುವ ಸಮಯ. ಈ ಸಲ ಮೊದಲು ಸಮೋಸದ ಟೇಬಲ್‌ಗೇ ಹೋದೆ.

ಸೀಶೆಲ್ಸ್ ನನ್ನ ಸಹಜ ಗೆಳೆಯ ಅಂತ ಲೆಕ್ಕ ಹಾಕಿದ್ದೆ. ಅದೂ ದ್ವೀಪ, ಅದೂ ಸಣ್ಣದು, ಅದೂ ಹಿಂದೂ ಮಹಾಸಾಗರ. ಸೀಶೆಲ್ಸ್ ಹುಡುಗಿ ತಣ್ಣಗೆ, “ನಮ್ಮ ವಿಕ್ಟೋರಿಯಾ ಬಂದರಿನಲ್ಲಿ ಟ್ಯೂನಾ ಇಳಿಸುವುದೇ ಯುರೋಪಿನ ಪರ್ಸಿನ್ ಹಡಗುಗಳು. ಕ್ಯಾನಿಂಗ್ ಫ್ಯಾಕ್ಟರಿ ನಡೆಯುವುದೂ ಆ ಮೀನಿನಿಂದ. ದೊಡ್ಡ ಬಲೆ ನಿಲ್ಲಿಸಿ ಅಂತ ನಾನು ಸಹಿ ಹಾಕಿದರೆ ನಮ್ಮ ಜನ ಎಂತ ತಿನ್ನಬೇಕು?” ಅಂದಳು. ಸರಿಯಾದ ಮಾತು. ದಕ್ಕೆಯ ಏಲಂ ನೋಡಿದವರಿಗೆ ಇದು ಗೊತ್ತಿರುತ್ತದೆ. ಯಾರಿಗೆ ಯಾವ ಮೀನು ಬೇಕು, ಎಷ್ಟರವರೆಗೆ ಏರುತ್ತಾರೆ ಅಂತ ಮುಖ ನೋಡಿ ಹೇಳುತ್ತಾರೆ. ನಾನು ಇಲ್ಲಿ ಎಲ್ಲರಿಗೂ ಒಂದೇ ಬುಟ್ಟಿ ಮಾರಲು ಹೊರಟಿದ್ದೆ.

ಬಲೆಯ ಸಾಲು ತೆಗೆದೆ. ಅದು ನನ್ನ ಭಾಷಣದ ಜೀವ, ಆದರೂ ತೆಗೆದೆ. ಬಂದರು ತಪಾಸಣೆಯ ಕ್ಲಾಸ್ ಉಳಿಸಿಕೊಂಡೆ. ಅದರಿಂದ ಸೀಶೆಲ್ಸ್‌ಗೆ ತರಬೇತಿ ಸಿಗುತ್ತದೆ, ಬಂದರಿನ ವ್ಯವಹಾರಕ್ಕೆ ತೊಂದರೆ ಇಲ್ಲ. ಅವಳು ಸ್ಪಾನ್ಸರ್, ಅಂದರೆ ಕರಡಿನ ಜೊತೆ ನಿಂತು ಬರೆಯುವವಳು, ಆಗಿ ಬಂದಳು. ಅವಳ ಜೊತೆ ಶ್ರೀಲಂಕಾ, ಮಾರಿಷಸ್. ಸ್ಪೇನ್ ಹತ್ತಿರ ಹೋಗಿ ಸಿಗ್ನೇಟರಿ ಆಗು ಅಂತ ಕೇಳಿದೆ. ಸಿಗ್ನೇಟರಿ ಅಂದರೆ ಬೆಂಬಲ ಅಲ್ಲ, ‘ಈ ಕರಡು ಚರ್ಚೆಗೆ ಬರಲಿ’ ಅನ್ನುವಷ್ಟೇ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ವಿರೋಧಿಗಳ ಸಹಿ ಕೇಳುವುದೇ ಇಲ್ಲ. ಅವನು ನಕ್ಕು ಸಹಿ ಹಾಕಿದ.

ಇನ್ನೊಂದು ಗುಂಪು ಪೂರ್ತಿ ಠರಾವನ್ನು ಪೆನ್‌ಡ್ರೈವಿನಲ್ಲಿ ಮನೆಯಿಂದಲೇ ತಂದಿತ್ತು. ನನಗೆ ಇದು ಕಂಡರೆ ಆಗುವುದಿಲ್ಲ. ಅದರ ಮೊದಲ ಕ್ಲಾಸೇ ‘ಎಲ್ಲ ದೇಶಗಳಿಗೆ ಆದೇಶಿಸುತ್ತದೆ’ ಅಂತ ಇತ್ತು. ಚೇರ್ ಅಲ್ಲೇ ನಿಲ್ಲಿಸಿದರು. ಸದಸ್ಯ ದೇಶಗಳು ಪಾಲಿಸಲೇ ಬೇಕಾದ ತೀರ್ಮಾನ ಮಾಡುವ ಅಧಿಕಾರ ಇರುವುದು ಭದ್ರತಾ ಮಂಡಳಿಗೆ. ಮೀನುಗಾರಿಕೆ ಸಮಿತಿ ಒತ್ತಾಯಿಸಬಹುದು, ಶಿಫಾರಸು ಮಾಡಬಹುದು, ಕೋರಬಹುದು. ಅವರು ಕ್ರಿಯಾಪದ ತಿದ್ದುತ್ತಾ ಕೂತ ಅರ್ಧ ಗಂಟೆಯಲ್ಲಿ ನಮಗೆ ಇನ್ನೂ ಐದು ಸಹಿ ಬಂತು.

ಕಷ್ಟ ಬಂದದ್ದು ಇಂಡಿಯಾದಿಂದ. ಇಂಡಿಯಾದ ಡೆಲಿಗೇಟ್ ಕುಂದಾಪುರದ ಹುಡುಗ. ಅವನು ಒಂದು ತಿದ್ದುಪಡಿ ತಂದ: ಅಭಿವೃದ್ಧಿಶೀಲ ದೇಶಗಳ ಮೀನುಗಾರರಿಗೆ ಈ ನಿಯಮಗಳಿಂದ 25 ವರ್ಷ ವಿನಾಯಿತಿ. ಅದು ಅವನ ಕಲ್ಪನೆ ಅಲ್ಲ. ಮೀನುಗಾರಿಕೆ ಸಬ್ಸಿಡಿ ಬಗ್ಗೆ ಡಬ್ಲ್ಯುಟಿಒದಲ್ಲಿ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ, ಭಾರತ ಕೇಳಿದ ಕಾಲಾವಕಾಶವೂ 25 ವರ್ಷವೇ. ಅವನು ಮಾತಾಡುತ್ತಾ ಹೋದ. ಡೀಸೆಲ್ ಬೆಲೆ, ಮಳೆಗಾಲದಲ್ಲಿ ಎರಡು ತಿಂಗಳು ಕೆಲಸ ಇಲ್ಲದ ಮನೆ, ತಲೆಮಾರುಗಳಿಂದ ಸಮುದ್ರ ನಂಬಿದವರು. ಕಣ್ಣೆದುರು ನಮ್ಮ ಜಗಲಿ ಬಂತು. ಕೈ ತಟ್ಟಬೇಕು ಅನ್ನಿಸಿತು.

ಆದರೆ ಕೊರಳಲ್ಲಿ ಮಾಲ್ದೀವ್ಸ್‌ನ ಬಿಲ್ಲೆ. 25 ವರ್ಷ ವಿನಾಯಿತಿ ಅಂದರೆ ನನ್ನ ಕ್ಲಾಸ್ ಅಷ್ಟು ವರ್ಷ ಮಲಗಿದ ಹಾಗೆ. ಇಲ್ಲ ಅಂದರೆ ಪಕ್ಕದ ದೊಡ್ಡ ದೇಶದ ಮುನಿಸು, ಕೊನೆಯ ಮತಕ್ಕೆ ಇಂಡಿಯಾ ಕೈಬಿಡಬಹುದು. ಹೌದು ಅಂದರೆ ಸ್ಪೇನ್ ಮತ್ತು ಅದರ ಹಿಂದಿರುವವರು ಹೋಗುತ್ತಾರೆ. ನನ್ನ ಹೆಸರು ಕರೆದಾಗ ಎದ್ದು ‘ಅಬ್ಸ್ಟೇನ್’ ಅಂದೆ. ಈ ಸಲ ಚೇರ್ ನಗಲಿಲ್ಲ, ಬರೆದುಕೊಂಡರು. ತಿದ್ದುಪಡಿ ಎರಡು ಮತದಿಂದ ಬಿತ್ತು. ಕುಂದಾಪುರದ ಹುಡುಗ ತಿರುಗಿ ನೋಡಿದ. ಬೇರೆ ದಿನ ಆಗಿದ್ದರೆ ಬೈಯುತ್ತಿದ್ದನೋ ಏನೋ. ಮುಖ್ಯ ಠರಾವಿಗೆ ಅವನು ಹೌದು ಅಂದ. 34ರಲ್ಲಿ 21 ಪರ, 8 ವಿರೋಧ, 5 ತಟಸ್ಥ. ಸ್ಪೇನ್ ತಟಸ್ಥ. ಕ್ಲಾಸ್ ಪಾಸಾಯಿತು.

ಬೆಸ್ಟ್ ಡೆಲಿಗೇಟ್ ಸ್ಪೇನ್‌ಗೆ ಹೋಯಿತು. ಅವನಿಗೆ ಸಿಗಬೇಕಾದದ್ದೇ, ಅಂತ ಈಗ ಹೇಳಬಲ್ಲೆ. ಆ ಸಂಜೆ ಹೊಟ್ಟೆ ಉರಿದಿತ್ತು. ನನಗೆ ಹೈ ಕಮೆಂಡೇಷನ್, ಎರಡನೇ ಸ್ಥಾನ. ಇಬಿಯವರು ಪ್ರತ್ಯೇಕವಾಗಿ ಕರೆದು, ನಿನ್ನ ಭಾಷಣಕ್ಕಿಂತ ನೀನು ತೆಗೆದು ಹಾಕಿದ ಸಾಲಿಗೆ ಜಾಸ್ತಿ ಮಾರ್ಕು ಕೊಟ್ಟಿದ್ದೇವೆ ಅಂದರು. ಉಚ್ಚಾರ ಇನ್ನೂ ಸುಧಾರಿಸಬೇಕು ಅಂತಲೂ ಅಂದರು. ಆ ಎರಡನೇ ಮಾತು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಅಲ್ಲಿದ್ದ ಎಲ್ಲರಿಗೂ ನನ್ನ ಮಾತು ಅರ್ಥ ಆಗಿತ್ತು, ಅಲ್ವಾ?

ಸ್ಟೇಟ್ ಬ್ಯಾಂಕ್ ಹತ್ತಿರ ಬಸ್ಸು ಹಿಡಿದು ಮನೆಗೆ ಬಂದಾಗ ರಾತ್ರಿ ಎಂಟೂವರೆ. ಮಳೆ ನಿಂತಿರಲಿಲ್ಲ. ಬ್ಲೇಜರ್ ಒದ್ದೆ. ಮಾವ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿ, “ಎಂತ ಮಾತಾಡಿದ್ದು ನೀನು?” ಅಂದರು. ಹೇಳಬೇಕಾ ಬೇಡವಾ ಅಂತ ಒಂದು ಸಲ ಯೋಚಿಸಿದೆ. ಹೇಳಿದೆ. ಪರ್ಸಿನ್ ಬಲೆಗೆ ವಿರೋಧವಾಗಿ ಮಾತಾಡಿದೆ ಮಾವ, ಗಾಳವೇ ಸರಿ ಅಂದೆ. ನಿಮ್ಮ ದಕ್ಕೆಯ ಮಾತನ್ನೂ ಹೇಳಿದೆ, ಅದು ಪಾಸಾಯಿತು.

ಅಮ್ಮ ಒಳಗಿಂದ ಇಣುಕಿದರು. ಮಾವ ಸೂಜಿ ಕೆಳಗಿಟ್ಟರು. ಸಿಟ್ಟು ಬಂದ ಹಾಗೆ ಕಾಣಲಿಲ್ಲ.

“ಆ ಗಾಳದವರಲ್ಲಿ ತಂಡೇಲನಿಗೆ ಎಷ್ಟು ಪಾಲು, ಉಳಿದವರಿಗೆ ಎಷ್ಟು?”

ತಂಡೇಲ ಅಂದರೆ ಬೋಟಿನ ನಾಯಕ. ನನ್ನ ಫೈಲಿನಲ್ಲಿ ಪಾಲಿನ ಲೆಕ್ಕ ಇರಲಿಲ್ಲ. ನಾಳೆ ಹುಡುಕಿ ಹೇಳುತ್ತೇನೆ ಅಂದೆ.

“ಹುಡುಕು” ಅಂದರು ಮಾವ. “ಪಾಲು ಚೆನ್ನಾಗಿದ್ದರೆ ನಾನೂ ಹೋಗ್ತೇನೆ.”